ಚಿಗಟದ ಸಂತೆಯಲ್ಲಿ ಚಿತ್ರದ ಚೀಟಿಗಳು

ನಮ್ಮ ಬಾಲ್ಯದಲ್ಲಿ ಬೆಂಕಿಪೊಟ್ಟಣದ ಮೇಲಣ ಚಿತ್ರಗಳನ್ನು ಕೂಡಿಹಾಕದ ಹುಡುಗನು ನಮ್ಮ ಬೀದಿಯಲ್ಲಿ ಒಬ್ಬನೂ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಪೊಟ್ಟಣವು ಬರಿದಾಗುವವರೆಗೆ ಅಡಿಗೆಮನೆಯ ಬಾಗಿಲಲ್ಲಿ ಕಾದು ನಿಂತು, ಅದನ್ನು ನೀರಿನಲ್ಲಿ ನೆನೆಯಿಸಿ, ಚಿತ್ರವು ಹರಿಯದಂತೆ ಮೆಲ್ಲನೆ ಬಿಡಿಸಿ, ಒಣಗಿಸಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ ಅಡಗಿಸಿಡುತ್ತಿದ್ದೆವು. ಹುಲಿಯ ಚಿತ್ರವೊಂದಕ್ಕೆ ಹಡಗಿನ ಚಿತ್ರವೆರಡು ಎಂಬಂತಹ ವಿನಿಮಯದ ದರಗಳೂ ನಮ್ಮಲ್ಲಿ ಏರ್ಪಟ್ಟಿದ್ದವು. ಗಣಿತದಲ್ಲಿ ನನಗೆ ಅಂಕಗಳು ಕಡಿಮೆ ಬಂದ ಒಂದು ವರ್ಷ ನಮ್ಮ ತಾಯಿಯವರು ಆ ಪಂಚಾಂಗವನ್ನು ಚಿತ್ರಗಳ ಸಮೇತವಾಗಿ ಬಚ್ಚಲೊಲೆಗೆ ಹಾಕಿದರು. ಅಂದು ನಾನು ಉಣ್ಣಲಿಲ್ಲ. ಆದರೆ ಉರಿದುಹೋದುದು ಬೆಲೆಬಾಳುವ ವಸ್ತುವೆಂದು ಮನೆಯಲ್ಲಿ ಯಾರಿಗೂ ತೋರಲಿಲ್ಲ. ನಿಜವಾಗಿ ನೋಡಿದರೆ ನನಗೂ ತೋರಲಿಲ್ಲ. ಅಳು ಬಂದುದು ಹುಲಿಗಾಗಿ, ಹಣಕ್ಕಾಗಿ ಅಲ್ಲ.

ಈ ಹಳೆಯ ಸಂಗತಿಯು ನೆನಪಿಗೆ ಬಂದುದು ಅಮೆರಿಕದಲ್ಲಿ, ಮಗಳ ಮನೆಯಲ್ಲಿ. ೨೦೨೨ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಆ ದೇಶದ ಒಂದು ಹರಾಜಿನಲ್ಲಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ರಟ್ಟಿನ ಚೀಟಿಯು ಒಂದು ಕೋಟಿ ಇಪ್ಪತ್ತಾರು ಲಕ್ಷ ಡಾಲರಿಗೆ, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿಗೆ, ಮಾರಾಟವಾಯಿತು. ಅದರ ಮೇಲೆ ರತ್ನವಿಲ್ಲ, ಚಿನ್ನದ ರೇಕಿಲ್ಲ. ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನು ಭುಜದ ಮೇಲೆ ದಾಂಡನ್ನಿಟ್ಟುಕೊಂಡು ನಿಂತಿರುವ ಬಣ್ಣದ ಚಿತ್ರವಷ್ಟೇ. ೧೯೫೨ರಲ್ಲಿ ಅದನ್ನು ಟಾಪ್ಸ್ ಎಂಬ ಕಂಪೆನಿಯವರು ಅಗಿಯುವ ಅಂಟಿನ ಮಿಠಾಯಿಯ ಜೊತೆಯಲ್ಲಿ ಮಕ್ಕಳಿಗೆ ಕೊಟ್ಟಿದ್ದರು. ಇದನ್ನು ನನಗೆ ಓದಿ ಹೇಳಿದವನು ಹನ್ನೆರಡು ವರ್ಷದ ನನ್ನ ಮೊಮ್ಮಗ. “ತಾತ, ನಿಮ್ಮ ಬೆಂಕಿಪೊಟ್ಟಣದ ಚಿತ್ರಗಳು ಈಗ ಇದ್ದಿದ್ದರೆ?” ಎಂದು ಅವನು ಕೇಳಿದನು. ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಾ ಹೋದುದರ ಫಲವೇ ಈ ಲೇಖನವೆಂದು ವಾಚಕರು ತಿಳಿಯಬಹುದು.

ಇಂಥ ಚೀಟಿಗಳನ್ನು ಆ ದೇಶದವರು ಕಾರ್ಡುಗಳೆಂದು ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ. ಇವುಗಳ ಹುಟ್ಟು ಅಷ್ಟೇನೂ ಗೌರವದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಿಗರೇಟುಗಳನ್ನು ಮೆತ್ತನೆಯ ಕಾಗದದ ಪೊಟ್ಟಣಗಳಲ್ಲಿ ಮಾರುತ್ತಿದ್ದರು. ಪೊಟ್ಟಣವು ಜಜ್ಜಿಹೋಗದಂತೆ ಒಳಗೆ ಒಂದು ಗಟ್ಟಿ ರಟ್ಟಿನ ತುಂಡನ್ನು ಇಡಬೇಕಾಗುತ್ತಿದ್ದಿತು. ಹೇಗೂ ಇಡತಕ್ಕ ರಟ್ಟಿನ ಮೇಲೆ ಒಂದು ಚಿತ್ರವನ್ನು ಅಚ್ಚೊತ್ತಿದರೆ, ಚಿತ್ರಮಾಲೆಯನ್ನು ಪೂರ್ತಿಮಾಡುವ ಚಪಲದಿಂದ ಗಿರಾಕಿಯು ಅದೇ ಸಿಗರೇಟನ್ನೇ ಮತ್ತೆ ಮತ್ತೆ ಕೊಳ್ಳುವನೆಂದು ವರ್ತಕನಿಗೆ ಹೊಳೆಯಿತು. ಇಂಗ್ಲೆಂಡಿನ ವಿಲ್ಸ್ ಕಂಪೆನಿಯವರು ೧೮೯೬ರಲ್ಲಿ ಕ್ರಿಕೆಟ್ ಆಟಗಾರರ ಮಾಲೆಯೊಂದನ್ನು ಹೊರಡಿಸಿದರು. ನಮ್ಮ ರಣಜಿತ್ ಸಿಂಹಜಿ, ದುಲೀಪ್ ಸಿಂಹಜಿಯವರು ಕೂಡ ಅವರವರ ಕಾಲದ ಸಿಗರೇಟು ಪೊಟ್ಟಣಗಳಲ್ಲಿ ಕಾಣಿಸಿಕೊಂಡಿದ್ದಾರೆ. ಎರಡು ಮಹಾಯುದ್ಧಗಳಲ್ಲಿಯೂ ಕಾಗದದ ಅಭಾವದಿಂದ ಇಂಗ್ಲೆಂಡಿನಲ್ಲಿ ಈ ಪದ್ಧತಿಯು ನಿಂತುಹೋಯಿತು. ಅಮೆರಿಕದಲ್ಲಾದರೋ ಹೊಗೆಸೊಪ್ಪಿನವರ ಕೈಯಿಂದ ಮಿಠಾಯಿಯವರ ಕೈಗೆ, ಮಿಠಾಯಿಯವರಿಂದ ಅಗಿಯುವ ಅಂಟಿನವರ ಕೈಗೆ ಬಂದು, ಕಡೆಗೆ ಅಂಟೂ ಬೇಡವಾಗಿ ಕಾರ್ಡೊಂದೇ ಉಳಿಯಿತು.

ಇವುಗಳಲ್ಲೆಲ್ಲಾ ಹೆಚ್ಚು ಪ್ರಸಿದ್ಧವಾದುದು ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು. ಅಮೆರಿಕನ್ ಟೊಬ್ಯಾಕೊ ಕಂಪೆನಿಯವರು ೧೯೦೯ರಿಂದ ೧೯೧೧ರ ವರೆಗೆ ಐನೂರಕ್ಕೂ ಮಿಕ್ಕ ಕಾರ್ಡುಗಳ ಮಾಲೆಯನ್ನು ಹೊರಡಿಸಿದರು. ಪಿಟ್ಸ್‌ಬರ್ಗ್ ತಂಡದ ವ್ಯಾಗ್ನರನ ಚಿತ್ರವನ್ನು ಸ್ವಲ್ಪವೇ ಅಚ್ಚು ಹಾಕಿ ನಿಲ್ಲಿಸಬೇಕಾಯಿತು, ಏಕೆಂದರೆ ಆತನು ಒಪ್ಪಲಿಲ್ಲ. ಮಕ್ಕಳು ತನ್ನ ಚಿತ್ರದ ಆಸೆಯಿಂದ ಸಿಗರೇಟು ಕೊಳ್ಳಬಾರದೆಂಬುದೇ ಆತನ ಆಕ್ಷೇಪವೆಂದು ಕೆಲವರೂ, ಚಿತ್ರಕ್ಕೆ ತಕ್ಕ ಹಣ ಬರಲಿಲ್ಲವೆಂಬುದೇ ಕಾರಣವೆಂದು ಕೆಲವರೂ ಹೇಳುತ್ತಾರೆ. ಆತನು ಸ್ವತಃ ಹೊಗೆಸೊಪ್ಪನ್ನು ಅಗಿಯುತ್ತಿದ್ದನಾದ್ದರಿಂದ ಎರಡನೆಯ ಪಕ್ಷದವರಿಗೆ ನಗಲು ಆಸ್ಪದವುಂಟು. ನನಗೆ ಮೊದಲನೆಯದೇ ನಿಜವಾಗಿರಲೆಂದು ಆಸೆ. ತಾನು ಅಗಿಯುವುದನ್ನು ಮಕ್ಕಳು ಅಗಿಯಬಾರದೆನ್ನುವ ಹಿರಿಯರು ನಮ್ಮ ಮನೆಗಳಲ್ಲಿಯೂ ಇಲ್ಲವೇ? ಅಂತೂ ಇಂದು ಲೋಕದಲ್ಲಿ ಉಳಿದಿರುವ ವ್ಯಾಗ್ನರ್ ಕಾರ್ಡುಗಳು ಅರುವತ್ತರ ಆಸುಪಾಸಿನಷ್ಟು. ೨೦೨೨ರಲ್ಲಿಯೇ ಅವುಗಳಲ್ಲೊಂದು ಎಪ್ಪತ್ತೆರಡು ಲಕ್ಷ ಐವತ್ತು ಸಾವಿರ ಡಾಲರಿಗೆ ಮಾರಾಟವಾಯಿತು.

ಮ್ಯಾಂಟಲನ ಕಾರ್ಡು ಅಪರೂಪವಾದ ಬಗೆ ಬೇರೆ. ೧೯೫೨ರ ಟಾಪ್ಸ್ ಮಾಲೆಯಲ್ಲಿ ೪೦೭ ಕಾರ್ಡುಗಳು, ಮ್ಯಾಂಟಲನದು ೩೧೧ನೆಯದು. ಕೊನೆಯ ಕಂತಿನ ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲಿನ ಕಾಲವು ಮುಗಿಯುತ್ತಾ ಬಂದು, ಹುಡುಗರ ಮನಸ್ಸು ಬೇರೆ ಆಟದ ಕಡೆಗೆ ತಿರುಗಿದ್ದಿತು. ಪೆಟ್ಟಿಗೆ ಪೆಟ್ಟಿಗೆಯಾಗಿ ಸರಕು ಹಿಂದಿರುಗಿತು. ಆ ಮಾಲೆಯನ್ನು ರಚಿಸಿದ ಸೈ ಬರ್ಜರ್ ಎಂಬಾತನು ಅವನ್ನು ಮಾರಲು ಎಷ್ಟೋ ಪ್ರಯತ್ನಪಟ್ಟು ಸೋತು, ಗೋದಾಮಿನ ಸ್ಥಳಕ್ಕಾಗಿ ೧೯೬೦ರಲ್ಲಿ ಅವನ್ನೆಲ್ಲಾ ದೊಡ್ಡ ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರದಲ್ಲಿ ಸುರಿಸಿಬಿಟ್ಟನು. ಇದನ್ನು ಆತನೇ ಅನಂತರ ಹೇಳಿದ್ದಾನೆ. ಇಂದಿನ ದರದಿಂದ ಗುಣಿಸಿ ನೋಡಿದರೆ ಆ ದಿನ ಮುಳುಗಿದುದು ಒಂದು ಸಂಸ್ಥಾನದ ಬೊಕ್ಕಸ. ಆದರೆ ಮುಳುಗದೆ ಇದ್ದಿದ್ದರೆ ಅದಕ್ಕೆ ಈ ದರವೇ ಇರುತ್ತಿರಲಿಲ್ಲ.

ಮನೆಗಳಲ್ಲಿ ನಡೆದುದೂ ಇದೇ. ಹುಡುಗರು ಕಾರ್ಡುಗಳನ್ನು ಬಟ್ಟೆಗೆ ಸಿಕ್ಕಿಸುವ ಚಿಮಟಿಗೆಯಿಂದ ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ತಾಗುವಂತೆ ಕಚ್ಚಿಸಿ ಮೋಟಾರಿನ ಹಾಗೆ ಪಟಪಟನೆ ಸದ್ದು ಮಾಡಿಸುತ್ತಿದ್ದರು. ಗೋಡೆಗೆ ಎಸೆದು ಪಂದ್ಯವಾಡುತ್ತಿದ್ದರು. ರಬ್ಬರು ಪಟ್ಟಿಯಿಂದ ಬಿಗಿದು ಅಂಚುಗಳನ್ನು ಹಾಳುಮಾಡುತ್ತಿದ್ದರು. ಅವರು ದೊಡ್ಡವರಾಗಿ ದಂಡಿಗೋ ಕಾಲೇಜಿಗೋ ಹೋದ ಮೇಲೆ ತಾಯಂದಿರು ಕೋಣೆಯನ್ನು ಗುಡಿಸಿ ಪೆಟ್ಟಿಗೆಯನ್ನು ಕಸಕ್ಕೆ ಹಾಕುತ್ತಿದ್ದರು. “ನನ್ನ ಕಾರ್ಡುಗಳನ್ನು ಅಮ್ಮ ಎಸೆದುಬಿಟ್ಟಳು” ಎಂಬುದು ಅಲ್ಲಿ ವಯಸ್ಸಾದ ಗಂಡಸರು ಕೂಡಿದ ಕಡೆಯಲ್ಲೆಲ್ಲಾ ಕೇಳಿಬರುವ ಮಾತು. ಆ ತಾಯಂದಿರನ್ನು ದೂರುವವರು ಒಂದು ವಿಷಯವನ್ನು ಮರೆಯುತ್ತಾರೆ: ಎಲ್ಲ ತಾಯಂದಿರೂ ಜೋಪಾನವಾಗಿ ಇಟ್ಟಿದ್ದರೆ ಕಾರ್ಡು ಇಂದಿಗೂ ಕಾಸಿನದೇ ಆಗಿರುತ್ತಿತ್ತು. ಇದು ಊಹೆಯ ಮಾತಲ್ಲ. ೧೯೮೦ರ ದಶಕದ ಕೊನೆಯಲ್ಲಿ ಹಳೆಯ ಕಾರ್ಡುಗಳ ಬೆಲೆಯನ್ನು ಕೇಳಿ ಬೆರಗಾದ ಗೃಹಸ್ಥರು, ಮಕ್ಕಳ ವಿದ್ಯಾಭ್ಯಾಸಕ್ಕೆ ಒದಗುವುದೆಂದು ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಅಟ್ಟದ ಮೇಲೆ ಇಟ್ಟರು. ಕಂಪೆನಿಯವರೂ ಅಷ್ಟಕ್ಕಷ್ಟು ಅಚ್ಚು ಹಾಕಿದರು. ಎಲ್ಲರೂ ಇಟ್ಟರು, ಯಾರೂ ಎಸೆಯಲಿಲ್ಲ. ಪರಿಣಾಮವಾಗಿ ಆ ವರ್ಷಗಳ ಕಾರ್ಡುಗಳಲ್ಲಿ ಬಹುಪಾಲಿಗೆ ಇಂದು ಗುಜರಿಯ ಬೆಲೆಯೂ ಇಲ್ಲ. ನಮ್ಮ ಮಗಳ ನೆರೆಮನೆಯ ಗೃಹಸ್ಥರೊಬ್ಬರು ಅಂಥ ನಾಲ್ಕು ಪೆಟ್ಟಿಗೆಗಳನ್ನು ನನ್ನ ಮೊಮ್ಮಗನಿಗೆ ಬಿಟ್ಟಿಯಾಗಿ ಕೊಟ್ಟರು. ಕೊಡುವಾಗ ಅವರ ಮುಖದಲ್ಲಿ ಭಾರ ಇಳಿದ ನೆಮ್ಮದಿಯು ಕಂಡಿತು.

ಬೆಲೆಗಾಗಿ ಅಲ್ಲದೆ ಬರಿಯ ಪ್ರೀತಿಯಿಂದ ಕೂಡಿಟ್ಟವರೂ ಉಂಟು. ಅವರಲ್ಲಿ ಒಬ್ಬಾತನ ವಿಷಯವನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಹೇಳಬೇಕು. ಜೆಫರ್ಸನ್ ಬರ್ಡಿಕ್ ಎಂಬಾತನು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಪಟ್ಟಣದವನು, ವಿದ್ಯುತ್ ಸಾಮಾನಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸುವುದು ಜೀವನೋಪಾಯ, ಮದುವೆಯಾಗಲಿಲ್ಲ, ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗುತ್ತಾ ಬಂದಿದ್ದವು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಈ ಚೀಟಿಗಳಿಗೆ ಆತನು ೧೯೩೯ರಲ್ಲಿ ಒಂದು ಸೂಚೀಪುಸ್ತಕವನ್ನು ಪ್ರಕಟಿಸಿದನು. ಹೊಗೆಸೊಪ್ಪಿನ ಕಾರ್ಡುಗಳಿಗೆ ‘ಟಿ’ ಎಂದೂ, ಹಳೆಯ ಮಿಠಾಯಿಯ ಕಾರ್ಡುಗಳಿಗೆ ‘ಇ’ ಎಂದೂ ಅಕ್ಷರಗಳನ್ನು ಗೊತ್ತುಮಾಡಿ, ಒಂದೊಂದು ಮಾಲೆಗೂ ಸಂಖ್ಯೆಯನ್ನಿಟ್ಟನು. ವ್ಯಾಗ್ನರನ ಮಾಲೆಯನ್ನು ಲೋಕವೆಲ್ಲಾ ಇಂದು ‘ಟಿ-೨೦೬’ ಎಂದು ಕರೆಯುವುದು ಆತನಿಟ್ಟ ಹೆಸರಿನಿಂದಲೇ. ಆಮೇಲೆ ತನ್ನ ಸಂಗ್ರಹವನ್ನೆಲ್ಲಾ, ಮೂರು ಲಕ್ಷಕ್ಕೂ ಮಿಕ್ಕ ಚೀಟಿಗಳನ್ನು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟು, ಅಲ್ಲಿಯೇ ಒಂದು ಮೇಜಿನ ಮುಂದೆ ಕುಳಿತು ವರ್ಷಾನುಗಟ್ಟಲೆ ಅವನ್ನು ಹಾಳೆಗಳಿಗೆ ಅಂಟಿಸುತ್ತಾ ಬಂದನು. ೧೯೬೩ರ ಜನವರಿಯಲ್ಲಿ ಕೊನೆಯ ಚೀಟಿಯನ್ನು ಅಂಟಿಸಿ ಎದ್ದವನು ಆಸ್ಪತ್ರೆಯನ್ನು ಸೇರಿ, ಮಾರ್ಚ್ ತಿಂಗಳಲ್ಲಿ ತೀರಿಕೊಂಡನು. ಅಂಟು ಹಚ್ಚಿದ ಕಾರ್ಡಿನ ಬೆಲೆ ಕುಗ್ಗುವುದೆಂದು ಇಂದಿನ ವರ್ತಕರು ತಲೆಯಲ್ಲಾಡಿಸುತ್ತಾರೆ. ಆತನಿಗೆ ಅದರ ಚಿಂತೆ ಇರಲಿಲ್ಲ, ಮಾರುವ ಉದ್ದೇಶವಿದ್ದರಲ್ಲವೇ?

ಇನ್ನು ಹುಡುಕಾಟದ ವಿಷಯ. ಕಾರ್ಡುಗಳನ್ನು ಹುಡುಕತಕ್ಕ ಸ್ಥಳಗಳು ಮುಖ್ಯವಾಗಿ ಎರಡು. ಒಂದು, ಕಾರ್ಡುಗಳಿಗೆಂದೇ ಏರ್ಪಡುವ ಪ್ರದರ್ಶನಗಳು. ಶಾಲೆಯ ಹಜಾರದಲ್ಲಿ ಇಪ್ಪತ್ತು ಮೇಜುಗಳ ಚಿಕ್ಕ ಪ್ರದರ್ಶನದಿಂದ ಹಿಡಿದು, ೧೯೮೦ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಪ್ರಾರಂಭವಾಗಿ ಈಗ ಪ್ರತಿ ಬೇಸಗೆಯಲ್ಲಿಯೂ ಯಾವುದಾದರೊಂದು ನಗರದಲ್ಲಿ ಕೂಡುವ ರಾಷ್ಟ್ರೀಯ ಮಹಾಪ್ರದರ್ಶನದವರೆಗೆ ಇವು ನಾನಾ ತರದವು. ಅಲ್ಲಿ ಮಾರುವವನೂ ಬಲ್ಲವನೇ, ಕೊಳ್ಳುವವನೂ ಬಲ್ಲವನೇ. ಕೈಯಲ್ಲಿರುವ ಮೊಬೈಲಿನಲ್ಲಿ ಅಂಥದೇ ಕಾರ್ಡು ನಿನ್ನೆ ಎಷ್ಟಕ್ಕೆ ಹೋಯಿತೆಂಬುದನ್ನು ಇಬ್ಬರೂ ನೋಡಿಕೊಂಡು ಚೌಕಾಶಿ ಮಾಡುವುದರಿಂದ ಅಲ್ಲಿ ಆಶ್ಚರ್ಯಕ್ಕೆ ಆಸ್ಪದವು ಕಡಿಮೆ. ನಾನು ಒಂದು ಚಿಕ್ಕ ಪ್ರದರ್ಶನಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ಬೇಸತ್ತು ಹೊರಗೆ ಬಂದು ಕುಳಿತೆನು.

ಎರಡನೆಯದು ಹಳೆಯ ಸಾಮಾನುಗಳ ಬಯಲು ಸಂತೆ. ಪ್ಯಾರಿಸ್ ನಗರದ ಅಂಚಿನಲ್ಲಿ ಹಳೆಯ ಬಟ್ಟೆಬರೆಗಳನ್ನು ಮಾರುತ್ತಿದ್ದ ಸಂತೆಗೆ ಚಿಗಟದ ಸಂತೆಯೆಂದು ಹೆಸರಾಯಿತು. ಅದೇ ಹೆಸರು ಇಂಗ್ಲಿಷಿಗೂ ಬಂದಿತು. ಬೆಂಗಳೂರಿನ ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಭಾನುವಾರದ ದಿನ ನೆಲದ ಮೇಲೆ ಹರಡಿದ ಹಳೆಯ ಸಾಮಾನುಗಳ ನಡುವೆ ಅಡ್ಡಾಡಿದವರಿಗೆ ಇದರ ಸ್ವರೂಪವನ್ನು ವರ್ಣಿಸಬೇಕಾಗಿಲ್ಲ. ಗಡಿಯಾರದ ಮುಳ್ಳು, ಕಿವಿ ಮುರಿದ ಹಿತ್ತಾಳೆಯ ಪಾತ್ರೆ, ಯಾರದೋ ಮದುವೆಯ ಭಾವಚಿತ್ರ ಎಲ್ಲವೂ ಒಂದೇ ಹಾಸಿನ ಮೇಲೆ. ಇಲ್ಲಿ ಮಾರುವವನಿಗೆ ತನ್ನ ಮುಂದೆ ಇರುವುದೇನೆಂದು ತಿಳಿದಿರಬೇಕೆಂಬ ನಿಯಮವಿಲ್ಲ. ಹುಡುಕುವವರ ಆಸೆಯೆಲ್ಲಾ ಅದರ ಮೇಲೆಯೇ.

ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಮ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ೧೯೫೯ರಿಂದ ಇಂಥದೊಂದು ಸಂತೆಯು ನಡೆದುಬಂದಿದೆ. ವರ್ಷಕ್ಕೆ ಮೂರು ಸಲ, ಮೇ, ಜುಲೈ, ಸೆಪ್ಟೆಂಬರ್ ತಿಂಗಳುಗಳಲ್ಲಿ, ಮಂಗಳವಾರದಿಂದ ಭಾನುವಾರದವರೆಗೆ, ಹೆದ್ದಾರಿಯ ಎರಡು ಪಕ್ಕದ ಹೊಲಗಳಲ್ಲಿಯೂ ಡೇರೆಗಳು ಏಳುತ್ತವೆ. ಒಂದೊಂದು ಹೊಲವೂ ಒಂದೊಂದು ದಿನ, ಒಂದೊಂದು ಹೊತ್ತಿಗೆ ತೆರೆಯುವುದರಿಂದ ಅನುಭವಸ್ಥರು ಅದರ ವೇಳೆಯನ್ನು ರೈಲಿನ ವೇಳಾಪಟ್ಟಿಯಂತೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಜುಲೈ ರಜೆಯಲ್ಲಿ ಅಳಿಯಂದಿರು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಮಗಳು ಬುತ್ತಿಗೆ ಚಪಾತಿಯನ್ನೂ ನಿಂಬೆಹಣ್ಣಿನ ಚಿತ್ರಾನ್ನವನ್ನೂ ಕಟ್ಟಿಕೊಟ್ಟಿದ್ದಳು. ಬೆಳಗಿನ ಮಬ್ಬಿನಲ್ಲಿಯೇ ಜನರು ಕೈದೀಪಗಳನ್ನು ಹಿಡಿದು ಬೇಲಿಯ ಹೊರಗೆ ಕಾದಿದ್ದರು. ವೈಕುಂಠ ಏಕಾದಶಿಯ ಬಾಗಿಲಿಗೆ ನಿಂತವರ ಹಾಗೆ ಕಂಡರು. ಗೇಟು ತೆರೆದೊಡನೆ ಎಪ್ಪತ್ತು ವರ್ಷದವರೂ ಓಡಿದರು.

ಮೊಮ್ಮಗನ ಬಳಿ ಆಯುಧಗಳು ಮೂರು: ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ನೇರಿಳೆ ಬೆಳಕಿನ ಒಂದು ಪುಟ್ಟ ದೀಪ. ಇವುಗಳ ಉಪಯೋಗವನ್ನು ಅವನಿಂದಲೇ ಕಲಿತೆನು. ಹಳೆಯ ಹೊಗೆಸೊಪ್ಪಿನ ಕಾರ್ಡುಗಳಲ್ಲಿ ಆಟಗಾರನ ಹೆಸರನ್ನು ಒಂದೇ ಬಣ್ಣದ ಮಸಿಯಿಂದ ಒತ್ತಿರುತ್ತಾರೆ. ಭೂತಗನ್ನಡಿಯಿಂದ ನೋಡಿದರೆ ಅಕ್ಷರವು ಅಖಂಡವಾಗಿ ಕಾಣುತ್ತದೆ. ಇತ್ತೀಚೆಗೆ ಮೂಲದ ಛಾಯಾಚಿತ್ರದಿಂದ ಅಚ್ಚು ಮಾಡಿದ ನಕಲಿನಲ್ಲಿ ಅದೇ ಅಕ್ಷರವು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದುಹೋಗಿರುತ್ತದೆ. ಇಂದಿನ ಕಾಗದವನ್ನು ಬೆಳ್ಳಗೆ ಮಾಡಲು ಸೇರಿಸುವ ರಾಸಾಯನಿಕಗಳು ನೇರಿಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ನೂರು ವರ್ಷದ ಹಿಂದಿನ ಕಾಗದವು ಮಂಕಾಗಿಯೇ ಇರುತ್ತದೆ. ಅಳತೆಪಟ್ಟಿಯ ಕೆಲಸ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಕಾರ್ಡಿನ ಅಂಚು ಮಾಸಿ ಮೂಲೆಗಳು ದುಂಡಗಾಗಿದ್ದರೆ ಕೆಲವರು ಹರಿತವಾದ ಅಲಗಿನಿಂದ ಕೂದಲೆಳೆಯಷ್ಟನ್ನು ಕತ್ತರಿಸಿ ಹೊಸದರಂತೆ ಮಾಡುತ್ತಾರೆ. ಕಾರ್ಡು ನಿಜವಾದುದೇ, ಆದರೆ ಸುಳ್ಳು ಹೇಳುತ್ತಿರುವ ನಿಜ.

ಈ ಕಪಟವು ಎಷ್ಟರಮಟ್ಟಿಗೆ ಹೋಗಬಲ್ಲುದೆಂಬುದಕ್ಕೆ ವ್ಯಾಗ್ನರನ ಕಾರ್ಡುಗಳಲ್ಲೆಲ್ಲಾ ಅಂದವಾದುದೇ ಸಾಕ್ಷಿ. ಹಿಮದ ಮೇಲಿನ ಹಾಕಿ ಆಟದಲ್ಲಿ ಜಗತ್ಪ್ರಸಿದ್ಧನಾದ ವೇಯ್ನ್ ಗ್ರೆಟ್ಸ್‌ಕಿಯು ೧೯೯೧ರಲ್ಲಿ ಪಾಲುಗಾರನೊಬ್ಬನೊಡನೆ ಅದನ್ನು ನಾಲ್ಕು ಲಕ್ಷ ಐವತ್ತೊಂದು ಸಾವಿರ ಡಾಲರಿಗೆ ಹರಾಜಿನಲ್ಲಿ ಕೊಂಡನು. ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಪಾರದರ್ಶಕವಾದ ಪ್ಲಾಸ್ಟಿಕ್ ಕವಚದಲ್ಲಿ ಮುದ್ರೆ ಹಾಕುವ ಸಂಸ್ಥೆಯೊಂದು ಆಗತಾನೆ ಹುಟ್ಟಿದ್ದಿತು. ಅದು ಮೊದಲು ಪರೀಕ್ಷಿಸಿದುದೂ ಈ ಕಾರ್ಡನ್ನೇ. ಎಂಟು ಅಂಕ ಬಂದಿತು. ಬೆಲೆ ಏರುತ್ತಾ ಏರುತ್ತಾ ೨೦೦೭ರಲ್ಲಿ ಇಪ್ಪತ್ತೆಂಟು ಲಕ್ಷ ಡಾಲರಾಯಿತು. ಇದನ್ನು ೧೯೮೫ರಲ್ಲಿ ಕೊಂಡಿದ್ದ ಬಿಲ್ ಮಾಸ್ಟ್ರೊ ಎಂಬ ವರ್ತಕನು ಮುಂದೆ ದೊಡ್ಡ ಹರಾಜು ಸಂಸ್ಥೆಯ ಯಜಮಾನನಾಗಿ, ಹರಾಜಿನಲ್ಲಿ ಸುಳ್ಳು ಕೂಗುಗಳಿಂದ ಬೆಲೆಯೇರಿಸಿದ ಮೋಸಕ್ಕಾಗಿ ನ್ಯಾಯಾಲಯಕ್ಕೆ ಬಂದನು. ಆಗ, ೨೦೧೩ರಲ್ಲಿ, ಆ ಕಾರ್ಡಿನ ಅಂಚುಗಳನ್ನು ತಾನೇ ಕತ್ತರಿಸಿದುದಾಗಿ ಒಪ್ಪಿಕೊಂಡನು. ೨೦೧೫ರಲ್ಲಿ ಇಪ್ಪತ್ತು ತಿಂಗಳ ಸೆರೆಯಾಯಿತು. ಸಹಿಗಳ ವ್ಯಾಪಾರವು ಇದಕ್ಕಿಂತಲೂ ಕೆಟ್ಟದ್ದು. ಅಮೆರಿಕದ ಸರ್ಕಾರದ ಪತ್ತೇದಾರರು ೧೯೯೦ರ ದಶಕದ ಕೊನೆಯಲ್ಲಿ ಹಿಡಿದ ಒಂದು ಖೋಟಾ ಸಹಿಗಾರರ ಕೂಟವು, ಆಟಗಾರರ ಸಹಿಗಳು ಸಾಲದೆ, ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳನ್ನು ಸಹ ತಯಾರು ಮಾಡಿದ್ದಿತು! ಆ ಪುಣ್ಯಾತ್ಮರು ಬೇಸ್‌ಬಾಲ್ ಚೆಂಡುಗಳ ರಾಶಿಯ ಮುಂದೆ ಕುಳಿತು ಸಹಿ ಮಾಡಿದರೆಂದು ನಂಬಿದವರಿದ್ದರೆಂಬುದೇ ಹೆಚ್ಚಿನ ಆಶ್ಚರ್ಯ.

ಆದರೆ ಮೋಸವು ಯಾವಾಗಲೂ ಮಾರುವವನ ಕಡೆಯಿಂದಲೇ ಬರುವುದೆಂದು ತಿಳಿಯಬಾರದು. ನನ್ನನ್ನು ಹೆಚ್ಚಾಗಿ ಕಾಡಿದ ಪ್ರಶ್ನೆ ಇದರ ಮಗ್ಗುಲಿನದು: ಕೊಳ್ಳುವವನಿಗೆ ತಿಳಿದು ಮಾರುವವನಿಗೆ ತಿಳಿಯದೆ ಇದ್ದರೆ? ೧೯೯೦ರಲ್ಲಿ ಇಲಿನಾಯ್ ರಾಜ್ಯದಲ್ಲಿ ನಡೆದ ಒಂದು ಸಂಗತಿಯುಂಟು. ನೋಲನ್ ರಯನ್ ಎಂಬ ಪ್ರಖ್ಯಾತ ಆಟಗಾರನ ೧೯೬೮ರ ಕಾರ್ಡೊಂದಕ್ಕೆ ಅಂಗಡಿಯವನು ಸಾವಿರದ ಇನ್ನೂರು ಡಾಲರಿನ ಚೀಟಿಯನ್ನು ಅಂಟಿಸಿದ್ದನು. ಕಾರ್ಡುಗಳ ವಿಷಯವನ್ನೇ ಅರಿಯದ ಒಬ್ಬ ಗುಮಾಸ್ತೆಯು ಅದನ್ನು ಹನ್ನೆರಡು ಡಾಲರೆಂದು ಓದಿ ಹನ್ನೆರಡು ವರ್ಷದ ಹುಡುಗನಿಗೆ ಮಾರಿದಳು. ಹುಡುಗನು ಕಾರ್ಡುಗಳನ್ನು ಸಾವಿರಗಟ್ಟಲೆ ಕೂಡಿಟ್ಟವನು. ಅಂಗಡಿಯವನು ಕಾರ್ಡನ್ನು ಹಿಂದಕ್ಕೆ ಕೇಳಿದನು. ಹುಡುಗನ ಮನೆಯವರು ಕೊಡಲಿಲ್ಲ. ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. ದೇಶದ ಪತ್ರಿಕೆಗಳೆಲ್ಲಾ ಎರಡು ಪಕ್ಷವಾದುವು. ತೀರ್ಪು ಹೊರಬೀಳುವ ಮುನ್ನ ಇಬ್ಬರೂ ರಾಜಿಯಾಗಿ, ಕಾರ್ಡನ್ನು ಹರಾಜು ಹಾಕಿ ಬಂದ ಹಣವನ್ನು ಧರ್ಮಕಾರ್ಯಕ್ಕೆ ಕೊಟ್ಟರು. ನ್ಯಾಯಾಧೀಶರ ಕಷ್ಟವು ತಪ್ಪಿತು; ತಂದೆತಾಯಿಗಳ ಕಷ್ಟವು ತಪ್ಪಲಿಲ್ಲ. ಏಕೆಂದರೆ ಅಂಥ ಪ್ರಶ್ನೆಯು ಪ್ರತಿಯೊಂದು ಸಂತೆಯಲ್ಲಿಯೂ ಪ್ರತಿಯೊಂದು ಹಾಸಿನ ಮುಂದೆಯೂ ಏಳುತ್ತದೆ.

ಹಾಗೆಂದು ಹುಡುಕಾಟವೆಲ್ಲಾ ಇಕ್ಕಟ್ಟೇ ಅಲ್ಲ. ಕೆಲವು ವೇಳೆ ಅದೃಷ್ಟವು ಯಾರನ್ನೂ ನೋಯಿಸದೆ ಬರುತ್ತದೆ. ೨೦೧೨ರಲ್ಲಿ ಓಹಾಯೋ ರಾಜ್ಯದ ಡಿಫೈಯನ್ಸ್ ಎಂಬ ಊರಿನಲ್ಲಿ, ತೀರಿಕೊಂಡ ಚಿಕ್ಕಮ್ಮನ ಮನೆಯನ್ನು ಬರಿದು ಮಾಡುತ್ತಿದ್ದ ಬಂಧುಗಳಿಗೆ ಅಟ್ಟದ ಮೇಲೆ, ಗೊಂಬೆಮನೆಯೊಂದರ ಕೆಳಗೆ, ಮಸಿ ಹಿಡಿದ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ದಾರದಿಂದ ಕಟ್ಟಿದ ಸುಮಾರು ಏಳುನೂರು ಕಾರ್ಡುಗಳು. ೧೯೧೦ರ ಕಾಲದ ಮಿಠಾಯಿ ಕಾರ್ಡುಗಳು. ಬರ್ಡಿಕ್ಕನ ಸೂಚಿಯಲ್ಲಿ ‘ಇ-೯೮’. ಮಾಂಸದಂಗಡಿಯನ್ನು ನಡೆಸುತ್ತಿದ್ದ ಅಜ್ಜನು ಗಿರಾಕಿಗಳ ಮಕ್ಕಳಿಗೆ ಹಂಚಿ ಉಳಿದುದನ್ನು ಎತ್ತಿಟ್ಟು ಮರೆತಿದ್ದನೆಂದು ಊಹೆ. ಯಾರ ಕೈಯೂ ತಾಗದ ಕಾರಣ ಅವು ಅಚ್ಚಿನಿಂದ ಬಂದಂತೆಯೇ ಇದ್ದವು. ಮೊದಲನೆಯ ಹರಾಜಿನಲ್ಲಿ ಮೂವತ್ತೇಳು ಕಾರ್ಡುಗಳಿಗೇ ಐದು ಲಕ್ಷ ಡಾಲರಿಗೆ ಮೀರಿ ಬಂದಿತು. ಪೆಟ್ಟಿಗೆಯು ಒಬ್ಬನ ಕೈಗೆ ಸಿಕ್ಕಿದ್ದರೂ ಪಾಲು ಇಪ್ಪತ್ತು ಮಂದಿ ದಾಯಾದಿಗಳಿಗೂ ಸಮನಾಗಿ ಹೋಯಿತೆಂಬುದನ್ನು ನಮ್ಮ ಓದುಗರು, ವಿಶೇಷವಾಗಿ ವಿಭಾಗದ ವ್ಯಾಜ್ಯಗಳನ್ನು ಕಂಡವರು, ಕಾರ್ಡಿನ ಬೆಲೆಗಿಂತಲೂ ದೊಡ್ಡ ಆಶ್ಚರ್ಯವೆಂದು ಎಣಿಸಬಹುದು.

ಬ್ರಿಮ್‌ಫೀಲ್ಡಿನಲ್ಲಿ ನಮಗೆ ಮಧ್ಯಾಹ್ನದವರೆಗೆ ಏನೂ ದೊರೆಯಲಿಲ್ಲ. ಒಂದು ಡೇರೆಯಲ್ಲಿ ೧೯೫೨ರ ಮ್ಯಾಂಟಲನೇ ಕುಳಿತಿದ್ದನು. ಮೊಮ್ಮಗನ ಉಸಿರು ನಿಂತಿತು. ಹಿಂದಕ್ಕೆ ತಿರುಗಿಸಿ ನೋಡಿದರೆ ಟಾಪ್ಸ್‌ನವರೇ ೧೯೮೩ರಲ್ಲಿ ಮಾಡಿದ ಮರುಮುದ್ರಣ. ಚಿತ್ರಾನ್ನವನ್ನು ಒಂದು ಮರದ ನೆರಳಿನಲ್ಲಿ ತಿಂದೆವು. ಅಳಿಯಂದಿರು ಹಳೆಯ ಬಡಗಿ ಹತ್ಯಾರುಗಳ ಕಡೆಗೆ ಹೋದರು.

ಆಮೇಲೆ ಒಂದು ಮೂಲೆಯಲ್ಲಿ, ಸೀಮೆಯೆಣ್ಣೆ ದೀಪಗಳನ್ನೂ ಹೊಲಿಗೆ ಯಂತ್ರಗಳನ್ನೂ ಮಾರುತ್ತಿದ್ದ ಮುದುಕನೊಬ್ಬನ ಮೇಜಿನ ಮೇಲೆ ಚುಟ್ಟದ ಮರದ ಡಬ್ಬಿಯೊಂದು ಕಂಡಿತು. ಅದರಲ್ಲಿ ಅಂಚೆ ಕಾರ್ಡುಗಳು, ಗುಂಡಿಗಳು, ಎಂಟು ಹತ್ತು ಸಿಗರೇಟು ಕಾರ್ಡುಗಳು. “ಯಾವುದಾದರೂ ಹತ್ತು ಡಾಲರು” ಎಂದು ಬರೆದಿದ್ದಿತು. ಮೊಮ್ಮಗನು ಒಂದನ್ನು ಎತ್ತಿ ನನ್ನ ಮುಖವನ್ನು ನೋಡಿದನು. ಟಿ-೨೦೬. ಹೆಸರಾಂತ ಆಟಗಾರನೇನಲ್ಲ, ಆದರೂ ಚೆನ್ನಾಗಿದ್ದರೆ ಪ್ರದರ್ಶನದಲ್ಲಿ ಅದರ ಐದರಷ್ಟು, ಹತ್ತರಷ್ಟು ಬೆಲೆಯುಂಟು. ಭೂತಗನ್ನಡಿಯಲ್ಲಿ ಅಕ್ಷರಗಳು ಅಖಂಡ. ನೇರಿಳೆ ದೀಪದಲ್ಲಿ ಕಾಗದ ಮಂಕು. ಮೂಲೆಗಳು ಚೂಪಾಗಿದ್ದವು. ಅವನು ನನ್ನನ್ನು ಪಕ್ಕಕ್ಕೆ ಕರೆದು, “ತಾತ, ಅವರಿಗೆ ಇದೇನೆಂದು ಗೊತ್ತಿಲ್ಲ, ದೀಪ ಮಾರುವವರು. ಹೇಳಬೇಕೇ?” ಎಂದನು.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಉತ್ತರವು ನಾಲಗೆಯ ತುದಿಯಲ್ಲಿರಬೇಕಾಗಿದ್ದಿತು. ಇರಲಿಲ್ಲ. ಬೆಳಗಿನಿಂದ ಬಿಸಿಲಿನಲ್ಲಿ ಅಲೆದು ಬಾಡಿದ್ದ ಹುಡುಗನ ಮುಖವನ್ನು ನೋಡುತ್ತಾ, “ಸಂತೆಯಲ್ಲಿ ಬೆಲೆ ಹೇಳುವವನು ಅವನು, ಕೊಡುವವನು ನೀನು, ಇದರಲ್ಲಿ ತಪ್ಪೇನು?” ಎಂಬ ವಾದವೂ ನನ್ನ ಮನಸ್ಸಿನಲ್ಲಿ ಹೊಳೆಯಿತೆಂದು ಒಪ್ಪಿಕೊಳ್ಳುತ್ತೇನೆ. ಬಾಯಲ್ಲಿ ಮಾತ್ರ, “ಹೇಳದೆ ಕೊಂಡರೆ ಇದನ್ನು ಹೇಗೆ ಕೊಂಡೆನೆಂದು ನಿನ್ನ ಗೆಳೆಯರಿಗೆ ಹೇಳುವೆಯಾ?” ಎಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಬಹುಶಃ ಹೇಳುತ್ತಿದ್ದನೇನೋ, ಹುಡುಗರು ಅಂಥದನ್ನೇ ಹೆಚ್ಚಾಗಿ ಹೇಳಿಕೊಳ್ಳುತ್ತಾರೆ. ಆದರೂ ಹಿಂದಕ್ಕೆ ಹೋಗಿ ಮುದುಕನ ಎದುರಿಗೆ ನಿಂತು, “ಅಯ್ಯಾ, ಇದು ಹತ್ತು ಡಾಲರಿನದಲ್ಲ, ಇದಕ್ಕೆ ಹೆಚ್ಚು ಬೆಲೆ ಬರುತ್ತದೆ” ಎಂದನು.

ಮುದುಕನು ಹುಡುಗನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದನು. ಅನಂತರ ಜೇಬಿನಿಂದ ಒಂದು ಪ್ಲಾಸ್ಟಿಕ್ ಲಕೋಟೆಯನ್ನು ತೆಗೆದನು. ಅದರಲ್ಲಿ ಇನ್ನೊಂದು ಟಿ-೨೦೬. ಮೂಲೆಗಳು ಸವೆದು ದುಂಡಗಾಗಿದ್ದವು. ಅದರ ಮೇಲೆ ಹುಡುಗನ ಕೈಯಲ್ಲಿದ್ದ ಕಾರ್ಡನ್ನು ಹೊಂದಿಸಿ ಇಟ್ಟನು. ಎರಡು ಪಕ್ಕಗಳಲ್ಲಿಯೂ ಕೆಳಗಿನ ಕಾರ್ಡು ಒಂದು ನೂಲಿನಷ್ಟು ಹೊರಕ್ಕೆ ಚಾಚಿತ್ತು. “ಯಾರೋ ಕತ್ತರಿಸಿದ್ದಾರೆ. ಅದಕ್ಕೇ ಹತ್ತು ಡಾಲರು. ನಲವತ್ತು ವರ್ಷದಿಂದ ಇಲ್ಲಿಗೆ ಬರುತ್ತಿದ್ದೇನೆ, ಮಗು. ದೀಪಗಳು ಅಂಗಡಿಗೆ, ಇವು ನನ್ನ ಹುಚ್ಚಿಗೆ” ಎಂದನು. ಮೊಮ್ಮಗನಿಗೆ ಅಳತೆಪಟ್ಟಿಯು ಜೇಬಿನಲ್ಲಿಯೇ ಇದ್ದುದು ಆಗ ನೆನಪಾಗಿ ಕಿವಿಗಳು ಕೆಂಪಾದುವು.

“ಕೊಳ್ಳುವವರಿಗೆ ಇದನ್ನು ಹೇಳುತ್ತೀರಾ?” ಎಂದು ನಾನು ಕೇಳಿದೆನು.

“ಕೇಳಿದವರಿಗೆ ಹೇಳುತ್ತೇನೆ. ಬೆಳಗಿನಿಂದ ನಾಲ್ಕು ಮಂದಿ ಎತ್ತಿ ನೋಡಿ, ಪಕ್ಕಕ್ಕೆ ಹೋಗಿ ಮೊಬೈಲಿನಲ್ಲಿ ಬೆಲೆ ಹುಡುಕಿದರು. ಯಾರೂ ಬಾಯಿ ಬಿಡಲಿಲ್ಲ. ಅಲ್ಲಿಂದಲೇ ಅಂಚು ಕಾಣಿಸಿತೋ ಏನೋ, ಬಿಟ್ಟು ಹೋದರು.”

ಹುಡುಗನು ಕಾರ್ಡನ್ನು ಕೆಳಗಿಡುವನೆಂದು ನಾನು ಎಣಿಸಿದ್ದೆನು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಕತ್ತರಿಸಿದ್ದರೂ ನೂರು ವರ್ಷದ್ದೇ ಅಲ್ಲವೇ? ಎಂಟು ಡಾಲರಿಗೆ ಕೊಡುತ್ತೀರಾ?” ಎಂದನು. ಮುದುಕನು ಗಟ್ಟಿಯಾಗಿ ನಕ್ಕು ಎಂಟಕ್ಕೇ ಕೊಟ್ಟನು. ಕೊಡುವ ಮೊದಲು ಪೆನ್ಸಿಲನ್ನು ಬೇಡಿ ತೆಗೆದುಕೊಂಡು, ಲಕೋಟೆಯ ಹಿಂದೆ ‘ಎರಡು ಪಕ್ಕ ಕತ್ತರಿಸಿದೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟನು. ಮನೆಗೆ ಬಂದ ಮೇಲೆ ಮೊಮ್ಮಗನು ಅದನ್ನು ತನ್ನ ಪುಸ್ತಕದಲ್ಲಿ, ಆ ಬರಹವೂ ಕಾಣುವಂತೆ, ಮೊದಲನೆಯ ಹಾಳೆಯಲ್ಲಿ ಇಟ್ಟುಕೊಂಡಿದ್ದಾನೆ.